ಅಪ್ಪನ ಫಿಯೆಟ್, ಮಾವನ ಹೆರಾಲ್ಡ್

ಅಪ್ಪನ 1967ರ ಫಿಯೆಟ್ 1100 ಡಿಲೈಟ್ ಕಾರು ಮೊದಲಿಂದಲೂ ನಮ್ಮ ಮೈಸೂರಿನ ಮನೆಯಲ್ಲಿತ್ತು. ಸೋದರಮಾವನ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ಕೂತಿದ್ದ 1966ರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಆಮೇಲೆ ಎಳೆಸಿಕೊಂಡು ಬಂದೆ. ಫಿಯೆಟ್ ತಯಾರಾದದ್ದು ಬೊಂಬಾಯಿಯ ಕುರ್ಲಾದಲ್ಲಿ, ಹೆರಾಲ್ಡ್ ಮದರಾಸಿನಲ್ಲಿ. ಎರಡನ್ನೂ ನಾನೇ ಬಿಚ್ಚಿ ಕಟ್ಟಿದ್ದೇನೆ. ಯಾವುದು ಚೆನ್ನ ಅಂತ ಯಾರಾದರೂ ಕೇಳಿದರೆ ಮೊದಲು ನೆನಪಾಗುವುದು ಬೆನ್ನುನೋವು.

ಹೆರಾಲ್ಡಿನ ಬಾನೆಟ್ ತೆಗೆಯುವುದೇ ಒಂದು ಸುಖ. ಎರಡೂ ಬದಿಯ ಚಿಲಕ ಬಿಡಿಸಿ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿ ಮುಂದಕ್ಕೆ ಮಗುಚುತ್ತದೆ. ಮುಂದಿನ ಟೈರಿನ ಮೇಲೆ ಕೂತು, ಕಾಫಿ ಲೋಟ ಪಕ್ಕಕ್ಕಿಟ್ಟು 948 ಸಿಸಿ ಎಂಜಿನ್ನಿನ ಪ್ಲಗ್ ತೆಗೆಯಬಹುದು. ಫಿಯೆಟ್ಟಿನಲ್ಲಿ ಮಡ್‌ಗಾರ್ಡಿನ ಮೇಲೆ ಹೊಟ್ಟೆ ಊರಿಯೇ ಕೆಲಸ. ಆದರೆ ಅದರ 1089 ಸಿಸಿ ಎಂಜಿನ್ ಬಾನೆಟ್ ತೆಗೆಸಿದ್ದೇ ಕಡಿಮೆ. ತುಕ್ಕು ಮಾತ್ರ ಅದರ ಶನಿ. ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಬಾಗಿಲಡಿಯ ಪಟ್ಟಿ ತೂತಾದರೆ ಪೇಂಟು ಬಳಿದು ಮುಚ್ಚುವ ಹಾಗಿಲ್ಲ, ಕತ್ತರಿಸಿ ವೆಲ್ಡಿಂಗ್ ಮಾಡಿಸಲೇಬೇಕು. ಹೆರಾಲ್ಡಿಗೆ ಚಾಸಿ ಬೇರೆ, ಬಾಡಿ ಬೋಲ್ಟಿನಲ್ಲಿ ಕೂತದ್ದು.

ನನ್ನ ದೊಡ್ಡ ತಪ್ಪು ಗ್ರೀಸಿನದು. ಹೆರಾಲ್ಡಿನ ಮುಂದಿನ ಚಕ್ರದ ಬುಡದಲ್ಲಿ ಟ್ರನಿಯನ್ ಅಂತ ಹಿತ್ತಾಳೆಯ ಗಟ್ಟಿಯೊಂದಿದೆ. ಸ್ಟೇರಿಂಗ್ ತಿರುಗಿದಂತೆಲ್ಲ ಉಕ್ಕಿನ ಥ್ರೆಡ್ ಅದರೊಳಗೆ ತಿರುಗುತ್ತದೆ. ಅಲ್ಲಿಗೆ ಬೇಕಾದದ್ದು 90 ನಂಬರಿನ ಗೇರ್ ಆಯಿಲ್. ನಾನೋ, ಫಿಯೆಟ್ಟಿನ ಕಿಂಗ್ ಪಿನ್ನಿಗೆ, ಅಂದರೆ ಮುಂದಿನ ಚಕ್ರ ಎಡಬಲ ತಿರುಗುವ ಗೂಟಕ್ಕೆ, ಹೊಡೆಯುತ್ತಿದ್ದ ಗ್ರೀಸನ್ನೇ ಇದಕ್ಕೂ ತುಂಬಿದೆ. ಗ್ರೀಸ್ ಒಣಗಿ ಗಟ್ಟಿಯಾಯಿತು, ತಳದಲ್ಲಿ ನೀರು ನಿಂತು ಉಕ್ಕಿಗೆ ತುಕ್ಕು ಹಿಡಿಯಿತು. ಒಂದು ಸಂಜೆ ಗೇಟಿನೊಳಗೆ ಪೂರ್ತಿ ಸ್ಟೇರಿಂಗ್ ಎಳೆದಾಗ ಟಕ್ ಅಂತು. ಎಡಗಡೆ ಚಕ್ರ ಮಲಗಿಯೇ ಬಿಟ್ಟಿತು. ಬೆಳಿಗ್ಗೆ ಅದೇ ಗಾಡಿಯಲ್ಲಿ ಚಾಮುಂಡಿ ಬೆಟ್ಟ ಇಳಿದಿದ್ದೆ!

ಬೆಟ್ಟದ ಮಾತು ಬಂತಲ್ಲ, ಇಳಿಜಾರಿನ ತಿರುವಿನಲ್ಲಿ ನನಗೆ ಫಿಯೆಟ್ಟೇ ಸೈ. ಹೆರಾಲ್ಡಿನದು ಸ್ವಿಂಗ್ ಆಕ್ಸಲ್, ಅಂದರೆ ಹಿಂದಿನ ಒಂದೊಂದು ಚಕ್ರವೂ ನಡುವಿನ ಕೀಲಿನಿಂದ ಬೇರೆಬೇರೆಯಾಗಿ ಮೇಲೆ ಕೆಳಗೆ ತೂಗುತ್ತದೆ. ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಬುಡದಲ್ಲಿ ಒಳಕ್ಕೆ ಮಡಚಿ ಹಿಂಭಾಗ ಜಾರಲು ನೋಡುತ್ತದೆ. ಹೆರಾಲ್ಡಿನ ನಂತರ ಬಂದ ಗೆಜೆಲ್ ಕಾರಿನಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಆದರೆ ನಮ್ಮ ಓಣಿಯಲ್ಲಿ ಹೆರಾಲ್ಡಿಗೆ ಸಾಟಿಯಿಲ್ಲ. 25 ಅಡಿಯೊಳಗೆ ಪೂರ್ತಿ ತಿರುಗುತ್ತದೆ. ಅಪ್ಪ ಫಿಯೆಟ್ಟನ್ನು ಹಿಂದೆ ಮುಂದೆ ಮಾಡಿ ಬೆವರುತ್ತಿದ್ದ ಜಾಗದಲ್ಲೇ.

ಇದೇ ಫಿಯೆಟ್ ಮುಂದೆ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡು 2000ದ ಆಸುಪಾಸಿನವರೆಗೂ ತಯಾರಾದ್ದರಿಂದ ಫಿಯೆಟ್ಟಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಟ್ರನಿಯನ್ನನ್ನು ಇಂಗ್ಲೆಂಡಿನಲ್ಲಿರುವ ತಂಗಿ ಸೂಟ್‌ಕೇಸಿನಲ್ಲಿ ತಂದಳು. ಈಗ ಹೆರಾಲ್ಡಿಗೆ ಎಣ್ಣೆ ಒತ್ತಲು ಬೇರೆಯೇ ಗನ್ ಇದೆ, ಹಿಡಿಗೆ ಕೆಂಪು ದಾರ ಸುತ್ತಿದ್ದೇನೆ. ಚಕ್ರ ಜಾಕಿನ ಮೇಲೆತ್ತಿ, ಹಳೇ ಎಣ್ಣೆ ಹೊರಬಂದು ಹೊಸದು ಕಾಣುವ ತನಕ ಒತ್ತುತ್ತೇನೆ. ಅದು ಅಂಗಳಕ್ಕೆಲ್ಲ ತೊಟ್ಟಿಕ್ಕುತ್ತದೆ. ಅಮ್ಮ ರಂಗೋಲಿಯನ್ನು ಫಿಯೆಟ್ ನಿಲ್ಲುವ ಕಡೆಗೆ ಸರಿಸಿಕೊಂಡಿದ್ದಾರೆ.