ಬಾಣ ಬಾಲ ಕುಣಿಸುತ್ತಿದೆಯಾ? ಹೆದೆ ನೋಡಿ

ನಮ್ಮ ಚಿಕ್ಕಬಳ್ಳಾಪುರದ ಕಡೆ ಹೊಸದಾಗಿ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಹಿಡಿದವರಿಗೆ ಒಂದು ಮಾತು. ಬಾಣದ ಹಿಂಭಾಗ ಮೇಲೆ ಕೆಳಗೆ ಕುಣಿಯುತ್ತಾ ಹೋದರೆ ಗಾಳಿಯನ್ನು ಬೈಯಬೇಡಿ. ನಾನು ಎರಡು ತಿಂಗಳು ನಂದಿ ಬೆಟ್ಟದ ಗಾಳಿಯನ್ನೇ ಬೈದೆ. ತಪ್ಪಿದ್ದದ್ದು ನಾಕಿಂಗ್ ಪಾಯಿಂಟ್, ಅಂದರೆ ಹೆದೆಯಲ್ಲಿ ಬಾಣ ಸಿಕ್ಕಿಸುವ ಜಾಗ!

ಮೊದಲು ಬ್ರೇಸ್ ಹೈಟ್ (ಬಿಲ್ಲಿನ ಹಿಡಿಗೂ ಹೆದೆಗೂ ಇರುವ ದೂರ) ಸರಿ ಮಾಡಿಕೊಳ್ಳಿ. ಗುರುತು ಹಾಕಿದ ಮೇಲೆ ಅದನ್ನು ಬದಲಿಸಲು ಹೆದೆಗೆ ಹುರಿ ಹಾಕಿದರೆ ಅಳತೆ ಕೆಡುತ್ತದೆ. ಹೆದೆಗೆ ಬೋ ಸ್ಕ್ವೇರ್ (T ಆಕಾರದ ಅಳತೆ ಪಟ್ಟಿ) ಸಿಕ್ಕಿಸಿ, ನಾಕ್‌ನ (ಬಾಣದ ಹಿಂತುದಿಯ, ಹೆದೆಗೆ ಸಿಕ್ಕುವ ಸೀಳಿನ) ತಳ, ಬಾಣ ಕೂರುವ ಜಾಗದಿಂದ ಹೆದೆಗೆ ಲಂಬವಾಗಿ ಬರುವ ನೇರ ಗೆರೆಗಿಂತ ಸುಮಾರು 6 ಮಿ.ಮೀ. ಮೇಲೆ ಕೂರುವಂತೆ ಗುರುತು ಹಾಕಿ.

ನಾಕ್‌ನ ಮೇಲೊಂದು, ಕೆಳಗೊಂದು ಗಂಟು ಸುತ್ತಿ. ಶಿಡ್ಲಘಟ್ಟದವರಾದರೂ ರೇಷ್ಮೆ ದಾರ ಬೇಡ, ಹಲ್ಲಿನ ಫ್ಲಾಸ್ ಸಾಕು. ಎರಡು ಗಂಟಿನ ಮಧ್ಯೆ ನಾಕ್‌ಗೆ ಕೂದಲೆಳೆಯಷ್ಟು ಜಾಗ ಬಿಡಿ. ಎಳೆದಾಗ ಹೆದೆ ಮಡಚಿ ನಾಕ್ ಹಿಚುಕಿಕೊಳ್ಳುತ್ತದೆ, ಅದಕ್ಕೆ. ಅಂಟು ಈಗಲೇ ಹಾಕಬೇಡಿ.

ಈಗ 18 ಮೀಟರಿನಿಂದ ಗರಿ ಇರುವ ಮೂರು ಬಾಣ, ಗರಿ ಇಲ್ಲದ ಒಂದು ಬಾಣ ಬಿಡಿ. ಬೋಳು ಬಾಣ ಗುಂಪಿಗಿಂತ ಕೆಳಗೆ ನಾಟಿದರೆ ಪಾಯಿಂಟ್ ಜಾಸ್ತಿ ಮೇಲಿದೆ, ಇಳಿಸಿ. ಮೇಲೆ ನಾಟಿದರೆ ಏರಿಸಿ. ಒಂದು ಸಲಕ್ಕೆ 1 ಮಿ.ಮೀ. ಸಾಕು. ಒಂದೇ ಬಾಣ ನೋಡಿ ಸುಮ್ನೆ ಜರುಗಿಸಬೇಡಿ, ಕೈ ತಪ್ಪೂ ಇರಬಹುದು ಅಲ್ವಾ? ಎರಡೂ ಒಂದೇ ಎತ್ತರಕ್ಕೆ ಬಂದ ಮೇಲೆ ಗಂಟಿಗೆ ಒಂದು ಹನಿ ಅಂಟು.