ಪಿಎಸ್5 ಇದ್ದವರು ಪ್ರೊ ಕೊಳ್ಳುವ ಮುನ್ನ

ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5 (ಪಿಎಸ್5) ಬಿಟ್ಟು ಅದರ ಹೆಚ್ಚು ಬಲದ ಮಾದರಿ ಪಿಎಸ್5 ಪ್ರೊ ಕೊಳ್ಳಬೇಕೆಂದಿದ್ದರೆ, ಮೊದಲು ನಿಮ್ಮ ಟಿವಿ ಯಾವುದೆಂದು ನೋಡಿ. 1080ಪಿ, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಟಿವಿಯಾದರೆ ಪ್ರೊಗೆ ಸುರಿದ ದುಡ್ಡಿನ ಬಹುಪಾಲು ಕಣ್ಣಿಗೇ ಬೀಳದು. 4ಕೆ, 120 ಹರ್ಟ್ಸ್, ವಿಆರ್‌ಆರ್ (ಆಟದ ಫ್ರೇಮ್ ವೇಗಕ್ಕೆ ಟಿವಿ ಹೊಂದಿಕೊಳ್ಳುವ ಸೌಲಭ್ಯ) ಇದ್ದರೆ ಮಾತ್ರ ಮುಂದಿನ ಮಾತು.

ಪ್ರೊದಲ್ಲಿ ಬಲ ಹೆಚ್ಚಿರುವುದು ಚಿತ್ರ ಮೂಡಿಸುವ ಜಿಪಿಯುಗೆ: ಅದರ ಕೆಲಸ ಮಾಡುವ ಘಟಕಗಳಾದ ಕಂಪ್ಯೂಟ್ ಯೂನಿಟ್‌ಗಳು 67% ಹೆಚ್ಚು, ಸೋನಿ ಹೇಳುವಂತೆ ರೆಂಡರಿಂಗ್ (ಚಿತ್ರ ರಚನೆ) 45%ವರೆಗೆ ವೇಗ. ಆಟದ ಉಳಿದ ಲೆಕ್ಕಾಚಾರ ನಡೆಸುವ ಸಿಪಿಯು ಹೆಚ್ಚುಕಮ್ಮಿ ಹಳೆಯದೇ. ಹಾಗಾಗಿ ಸಿಪಿಯು ಸಾಲದೆ ಸೆಕೆಂಡಿಗೆ 30 ಫ್ರೇಮಿಗೆ ನಿಂತ ಆಟ ಇಲ್ಲಿ 60 ಮುಟ್ಟುತ್ತದೆಂದು ನಂಬಬೇಡಿ. ಹಳೆಯ ಪಿಎಸ್5ನಲ್ಲಿ ಸ್ಪಷ್ಟತೆಗಿಂತ ಫ್ರೇಮ್ ವೇಗಕ್ಕೆ ಒತ್ತು ಕೊಡುವ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಚಿತ್ರ ಮಸುಕಾಗುತ್ತಿದ್ದ, ಈಗ ಪ್ರೊ ಅಪ್‌ಡೇಟ್ ಬಂದಿರುವ ಆಟಗಳಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ಡಿಸ್ಕ್ ಡ್ರೈವ್ ಬೇರೆ ಕೊಳ್ಳಬೇಕು. ಜೋಡಿಸಿದ ಮೇಲೆ ಒಮ್ಮೆ ಇಂಟರ್ನೆಟ್ ಬೇಕೇಬೇಕು. 2024ರ ನವೆಂಬರ್‌ನಲ್ಲಿ ಪ್ರೊ ಬಿಡುಗಡೆಯಾದಾಗ 6 ಗಿಗಾಹರ್ಟ್ಸ್ ವೈ-ಫೈಗೆ ಅನುಮತಿ ಇಲ್ಲದ ಕಾರಣ ಭಾರತಕ್ಕೆ ಬರಲಿಲ್ಲ. ಹೊರಗಿನಿಂದ ತರಿಸಿದ್ದನ್ನು ಕೊಳ್ಳುವಿರಾದರೆ ವಾರಂಟಿ ಯಾರದೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಜಾಗ ಸಾಲುತ್ತಿಲ್ಲ ಅನ್ನುವುದೊಂದೇ ತೊಂದರೆಯೇ? ಹಳೆಯ ಪಿಎಸ್5ಗೇ ಒಳಗೆ ಕೂರಿಸುವ ವೇಗದ ಸ್ಟೋರೇಜ್ ಆದ ಜೆನ್4 ಎಂ.2 ಎಸ್‌ಎಸ್‌ಡಿ ಹಾಕಿ. ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು, ಹೀಟ್‌ಸಿಂಕ್ (ಬಿಸಿ ತಗ್ಗಿಸುವ ಲೋಹದ ಭಾಗ) ಸೇರಿ ದಪ್ಪ 11.25 ಮಿ.ಮೀ. ಮೀರಬಾರದು, ಮೀರಿದರೆ ಸ್ಲಾಟಿನ ಮುಚ್ಚಳ ಕೂರುವುದಿಲ್ಲ.