ನನ್ನ ಪಾಲಿನ ಮೂರು ಗೇಟು

ಸೂಪರ್-ಜಿ ಅನ್ನುವ ಸ್ಕೀ ರೇಸಿನಲ್ಲಿ ಸ್ಪರ್ಧಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾನೆ. ಕಲ್ಲಿನ ಹಾಗೆ ಗಟ್ಟಿಯಾದ ಹಿಮವನ್ನು ಸ್ಕೀ ಅಂಚು ಕೊರೆಯುವ ಸದ್ದು ಮೇಲಿನ ತಿರುವಿನಿಂದಲೇ ಕೇಳಿಸುತ್ತದೆ. ತಗಡು ಹರಿದ ಹಾಗಿರುತ್ತದೆ. ಆ ಸದ್ದು ಬಂದ ಕೂಡಲೇ ನಾನು ಉಳಿದಿದ್ದೆಲ್ಲ ಬಿಟ್ಟು ನನ್ನ ಮೊದಲ ಗೇಟಿನ ಕಂಬದ ಬುಡ ನೋಡಬೇಕು. ಸ್ಪರ್ಧಿಯ ಮುಖ ನೋಡಬಾರದು, ದೇಶದ ಬಣ್ಣ ನೋಡಬಾರದು. ಬುಡ ಮಾತ್ರ.

2023ರ ಫೆಬ್ರವರಿ 9. ಫ್ರಾನ್ಸಿನ ಕೂರ್ಶೆವೆಲ್. ಆಲ್ಪೈನ್ ಸ್ಕೀಯಿಂಗ್ ವಿಶ್ವ ಚಾಂಪಿಯನ್‌ಶಿಪ್‌ನ ಪುರುಷರ ಸೂಪರ್-ಜಿ. ಲೆಕ್ಲಿಪ್ಸ್ ಅನ್ನುವ ಇಳಿಜಾರಿನಲ್ಲಿ, ಮರಗಳ ನಡುವೆ ಒಂದು ಕಡೆ, ಸ್ಪರ್ಧಿಗಳು ಗೇಟುಗಳನ್ನು ಸರಿಯಾಗಿ ದಾಟಿದರಾ ಅಂತ ನೋಡುವ ಗೇಟ್ ಜಡ್ಜ್ ಆಗಿ ನಾನು ನಿಂತಿದ್ದೆ. ನನ್ನ ಪಾಲಿಗೆ ಬಂದಿದ್ದು ಮೂರು ಗೇಟು.

ಕೆಲಸದ ಮೇಲೆ ಆಲ್ಪ್ಸ್ ಬುಡಕ್ಕೆ ಬಂದು ನೆಲೆಸಿದವನು ನಾನು. ಸ್ಕೀಯಿಂಗ್ ಕಲಿತಿದ್ದೇ ದೊಡ್ಡವನಾದ ಮೇಲೆ. ರೇಸ್ ಮಾಡುವ ಮಟ್ಟ ನನ್ನದಲ್ಲ. ಆದರೆ ಮಕ್ಕಳ ಕ್ಲಬ್ ರೇಸ್‌ಗಳಿಗೆ ಯಾವಾಗಲೂ ಜನ ಬೇಕಾಗುತ್ತಾರೆ. ಹಾಗೆ ಶುರುವಾಗಿ ಕೆಲವು ಚಳಿಗಾಲ ಗೇಟ್ ನೋಡಿ ನೋಡಿ, ಕೊನೆಗೆ ವಿಶ್ವ ಚಾಂಪಿಯನ್‌ಶಿಪ್‌ಗೆ ಸ್ವಯಂಸೇವಕನಾಗಿ ಹೆಸರು ಕೊಟ್ಟೆ.

ಸೂಪರ್-ಜಿ ಬಗ್ಗೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಡೌನ್‌ಹಿಲ್ ಅನ್ನುವ ಸ್ಕೀ ರೇಸಿನ ವೇಗ, ಜೈಂಟ್ ಸ್ಲಾಲಮ್ ಅನ್ನುವ ಇನ್ನೊಂದರ ತಿರುವು, ಎರಡೂ ಸೇರಿದ ಆಟ ಇದು. ಒಂದೇ ಓಟ, ಎರಡನೇ ಅವಕಾಶ ಇಲ್ಲ. ಡೌನ್‌ಹಿಲ್‌ಗೆ ಮೊದಲೇ ಅಭ್ಯಾಸದ ಓಟಗಳಿರುತ್ತವೆ. ಸೂಪರ್-ಜಿಗೆ ಅದೂ ಇಲ್ಲ. ರೇಸಿನ ಬೆಳಿಗ್ಗೆ ಒಮ್ಮೆ ಪಕ್ಕಕ್ಕೆ ಜಾರುತ್ತಾ ಇಳಿದು ಗೇಟುಗಳನ್ನು ನೋಡಿಕೊಳ್ಳಬಹುದು, ಅಷ್ಟೇ. ಆಮೇಲೆ ಅದೇ ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಇಳಿಯಬೇಕು.

ಆ ಬೆಳಗಿನ ಪರಿಶೀಲನೆಯನ್ನು ಹತ್ತಿರದಿಂದ ನೋಡುವುದೇ ಒಂದು ಭಾಗ್ಯ. ಟಿವಿಯಲ್ಲಿ ಅದನ್ನು ಯಾರೂ ಸರಿಯಾಗಿ ತೋರಿಸುವುದಿಲ್ಲ. ಕೋಚ್ ಜೊತೆ ಸ್ಪರ್ಧಿ ನಿಧಾನ ಜಾರಿ ಬರುತ್ತಾನೆ. ಗೇಟಿನ ಪಕ್ಕ ನಿಲ್ಲುತ್ತಾನೆ. ಕೆಳಗೆ ನೋಡುತ್ತಾನೆ, ಮತ್ತೆ ಹಿಂದಕ್ಕೆ ಮೇಲೆ ನೋಡುತ್ತಾನೆ. ಆಮೇಲೆ ಕಣ್ಣು ಮುಚ್ಚುತ್ತಾನೆ. ಅಂಗೈಯನ್ನು ಸ್ಕೀ ಹಾಗೆ ಹಿಡಿದು ಗಾಳಿಯಲ್ಲಿ ಎಡಕ್ಕೆ, ಬಲಕ್ಕೆ ವಾಲಿಸುತ್ತಾನೆ. ನನ್ನ ಎರಡನೇ ಗೇಟು ಒಂದು ಸಣ್ಣ ದಿಬ್ಬದ ಆಚೆಗಿತ್ತು. ಮೇಲಿನಿಂದ ಬರುವವನಿಗೆ ಅದು ಕಾಣುವುದೇ ಇಲ್ಲ. ಕಾಣದ ಗೇಟಿನ ಕಡೆಗೆ ಮೊದಲೇ ತಿರುಗಿರಬೇಕು. ಹಾಗಾಗಿ ಎಲ್ಲರೂ ಅಲ್ಲಿ ಜಾಸ್ತಿ ಹೊತ್ತು ನಿಂತರು. ಒಬ್ಬ ಹುಡುಗ ದಿಬ್ಬದಿಂದ ದೂರದ ಮರಗಳ ಸಾಲನ್ನು ನೋಡಿ, ಅದರಲ್ಲೊಂದನ್ನು ಗುರುತು ಇಟ್ಟುಕೊಂಡು, ತನ್ನಷ್ಟಕ್ಕೆ ತಲೆ ಆಡಿಸಿ ಮುಂದೆ ಹೋದ. ಇದನ್ನೆಲ್ಲ ನೋಡಿದ ಮೇಲೆ ಸೂಪರ್-ಜಿಯಲ್ಲಿ ಕಾಲಿನಷ್ಟೇ ಕೆಲಸ ನೆನಪಿಗೂ ಇದೆ ಅಂತ ನನಗೆ ಖಾತ್ರಿಯಾಯಿತು.

ನಾವು ಸ್ಪರ್ಧಿಗಳಿಗಿಂತ ಮೊದಲೇ ಇಳಿಜಾರಿಗೆ ಹೋಗಿರುತ್ತೇವೆ. ಬೂಟಿನ ತಳಕ್ಕೆ ಕಬ್ಬಿಣದ ಮುಳ್ಳು ಕಟ್ಟಿಕೊಳ್ಳದೆ ಅಲ್ಲಿ ನಿಲ್ಲಲು ಸಾಧ್ಯವೇ ಇಲ್ಲ. ಇಂಥ ರೇಸಿನ ಹಿಮಕ್ಕೆ ನೀರು ಹಾಯಿಸಿ ಗಟ್ಟಿ ಮಾಡುತ್ತಾರೆ. ಮೆತ್ತಗಿದ್ದರೆ ಮೊದಲ ಹತ್ತು ಜನ ಹೋಗುವಷ್ಟರಲ್ಲಿ ಗುಂಡಿ ಬಿದ್ದು, ಹಿಂದೆ ಬರುವವರಿಗೆ ಅನ್ಯಾಯವಾಗುತ್ತದೆ.

ಎಲ್ಲಿ ನಿಲ್ಲುವುದು ಅನ್ನುವುದು ಮೊದಲ ಪ್ರಶ್ನೆ. ಮೂರೂ ಗೇಟಿನ ಗೆರೆ ಕಾಣಬೇಕು. ಯಾರಾದರೂ ಬಿದ್ದು ಜಾರಿ ಬಂದರೆ ತಪ್ಪಿಸಿಕೊಳ್ಳಲು ದಾರಿಯೂ ಇರಬೇಕು. ನಾನು ಎರಡು ಸಲ ಜಾಗ ಬದಲಿಸಿದೆ. ಕೊನೆಗೆ ದಾರಿಯ ಅಂಚಿನ ಸುರಕ್ಷತಾ ಬಲೆಯ ಹತ್ತಿರ, ಮಧ್ಯದ ಗೇಟಿಗಿಂತ ಸ್ವಲ್ಪ ಮೇಲೆ ನಿಂತೆ. ಪೆನ್ನು ಚಳಿಗೆ ಕೈಕೊಡುತ್ತದೆ, ಅದಕ್ಕೇ ಪೆನ್ಸಿಲ್. ಅದನ್ನೂ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ. ಕೈತಪ್ಪಿ ಬಿದ್ದರೆ ಆ ಇಳಿಜಾರಿನಲ್ಲಿ ಮತ್ತೆ ಸಿಗುವುದಿಲ್ಲ.

ಗೇಟು ಅಂದರೆ ಎರಡು ಕಡೆ ಎರಡೆರಡು ಕಂಬ, ನಡುವೆ ಬಟ್ಟೆ. ಒಂದು ಗೇಟು ಕೆಂಪು, ಮುಂದಿನದು ನೀಲಿ. ಒಳಗಿನ ಎರಡು ಕಂಬಗಳ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳಬೇಕು. ಎರಡೂ ಸ್ಕೀಗಳ ತುದಿ, ಎರಡೂ ಪಾದ ಆ ಗೆರೆ ದಾಟಬೇಕು. ಅಷ್ಟಾದರೆ ಸರಿ. ಭುಜ ಕಂಬಕ್ಕೆ ಬಡಿಯಲಿ, ಬಟ್ಟೆ ಕಿತ್ತು ಹಾರಲಿ, ಅದು ತಪ್ಪಲ್ಲ. ತಪ್ಪಾದರೆ ಸ್ಪರ್ಧಿಯ ಎದೆ ಮೇಲಿನ ಬಿಬ್ ನಂಬರ್, ಗೇಟ್ ನಂಬರ್ ಬರೆದು, ಹೇಗೆ ತಪ್ಪಿತು ಅಂತ ಕಾರ್ಡಿನಲ್ಲೇ ಚಿತ್ರ ಬಿಡಿಸಬೇಕು. ಹಳದಿ ಬಾವುಟವೂ ಕೈಗೆ ಸಿಗುವ ಹಾಗೆ ಇರುತ್ತದೆ. ಕೆಳಗೆ ಯಾರಾದರೂ ಬಿದ್ದಿದ್ದರೆ, ರೇಡಿಯೊದಲ್ಲಿ ಹೇಳಿದ ಕ್ಷಣವೇ ಅದನ್ನು ಬೀಸಿ ಬರುತ್ತಿರುವವನನ್ನು ನಿಲ್ಲಿಸಬೇಕು. ಹಾಗೆ ನಿಂತವನಿಗೆ ಮತ್ತೆ ಮೊದಲಿನಿಂದ ಓಡುವ ಹಕ್ಕಿದೆ.

ಮೊದಲು ಫೋರ್‌ರನ್ನರ್‌ಗಳು ಇಳಿದರು. ಅವರ ಸಮಯ ಲೆಕ್ಕಕ್ಕಿಲ್ಲ, ದಾರಿ ಹದ ಮಾಡಲು ಓಡುವವರು. ನನಗೆ ಅವರೇ ಅಭ್ಯಾಸ. ನನ್ನ ಮೂರು ಗೇಟು ದಾಟಲು ಕೆಲವೇ ಸೆಕೆಂಡು. ಕಣ್ಣು ಮಿಟುಕಿಸುವುದು ಯಾವಾಗ ಅನ್ನುವುದನ್ನೂ ಲೆಕ್ಕ ಹಾಕಬೇಕು ಅನ್ನಿಸಿತು.

ಆಮೇಲೆ ರೇಸು. ಸದ್ದು, ಬುಡ, ಪಾದ, ಬುಡ, ಪಾದ, ಬುಡ, ಪಾದ. ಸ್ಪರ್ಧಿ ಕೆಳಗಿನ ತಿರುವಿನಲ್ಲಿ ಮರೆಯಾಗುತ್ತಾನೆ. ಹಿಂದೆಯೇ ಸ್ಲಿಪ್ ತಂಡದವರು ಪಕ್ಕಕ್ಕೆ ಜಾರುತ್ತಾ ಪುಡಿ ಹಿಮವನ್ನು ತಳ್ಳಿ ಹೋಗುತ್ತಾರೆ. ಒಂದು ಸಲ ಬಟ್ಟೆ ಕಿತ್ತು ಬಂತು. ಗೇಟಿನವರು ಓಡಿ ಬಂದು ಸಿಕ್ಕಿಸಿ, ಮುಂದಿನ ಸದ್ದು ಕೇಳುವ ಮೊದಲು ವಾಪಸ್ ಬಲೆ ಸೇರಿದರು.

ಅಲೆಕ್ಸಿಸ್ ಪಾಂತುರೊ ಬಂದಾಗ ಮಾತ್ರ ಕಣಿವೆಗೆ ಕಣಿವೆಯೇ ಕೂಗಿತು. ಅವರು ಕೂರ್ಶೆವೆಲ್‌ನವರೇ. ಎರಡು ದಿನದ ಹಿಂದೆ ಕಂಬೈನ್ಡ್ ಅನ್ನುವ, ಎರಡು ಬಗೆಯ ಓಟ ಸೇರಿದ ರೇಸಿನಲ್ಲಿ ಚಿನ್ನ ಗೆದ್ದಿದ್ದರು. ಕೆಳಗೆ ರೇಸ್ ಮುಗಿಯುವ ಲೆ ಪ್ರಾಜ್‌ನಿಂದ ಎದ್ದ ಸದ್ದು ನಮ್ಮ ತನಕ ಬಂತು. ನನ್ನ ಮೇಲಿನ ಗೇಟುಗಳನ್ನು ನೋಡುತ್ತಿದ್ದವರು ಅದೇ ಊರಿನ ಹಿರಿಯರು. ಒಂದು ಮಾತಿಲ್ಲ, ಕೈ ಎತ್ತಲಿಲ್ಲ. ಬಗ್ಗಿದ ಬೆನ್ನು ಬಗ್ಗಿದ ಹಾಗೇ ಇತ್ತು. ಪಾಂತುರೊ ನಮ್ಮಿಬ್ಬರ ಗೇಟುಗಳನ್ನೂ ದಾಟಿ ಮರೆಯಾದ ಮೇಲೆ ನನ್ನ ಕಡೆ ತಿರುಗಿ, ಎದೆ ಮೇಲೆ ಕೈ ಇಟ್ಟುಕೊಂಡು ನಕ್ಕರು. ಜನ ಏನೇ ಕೂಗಲಿ, ಅದು ಗೇಟ್ ಜಡ್ಜ್‌ನ ತೀರ್ಮಾನವನ್ನು ಮುಟ್ಟಬಾರದು ಅಂತ ನಿಯಮದಲ್ಲೇ ಇದೆ. ಅದನ್ನು ಪಾಲಿಸುವುದು ಹೇಗೆ ಅಂತ ನಾನು ಅವರಿಂದ ಕಲಿತೆ.

ನನಗೆ ಕಷ್ಟ ಬಂದಿದ್ದು ಆಮೇಲೆ, ಪದಕದ ಮಾತೆಲ್ಲ ಮುಗಿದ ಮೇಲೆ. ದೊಡ್ಡ ನಂಬರಿನ ಬಿಬ್ ಹಾಕಿದ್ದ ಒಬ್ಬ ಸ್ಪರ್ಧಿ ದಿಬ್ಬದಲ್ಲಿ ತಡವಾಗಿ ತಿರುಗಿದ. ಒಳಗಿನ ಸ್ಕೀ ಕಂಬಕ್ಕೆ ಅಂಟಿಕೊಂಡೇ ಹೋಯಿತು. ತುದಿ ಕಂಬದ ಈಚೆಗೆ ಹೋಯಿತಾ, ಆಚೆಗಾ? ಕಂಬ ಬಗ್ಗಿತ್ತು, ಹಿಮ ಎದ್ದಿತ್ತು. ನನಗೆ ಖಂಡಿತವಾಗಿ ಹೇಳಲು ಆಗಲಿಲ್ಲ.

ಅನುಮಾನ ಬಂದರೆ ಹಿಮದ ಗುರುತು ನೋಡಬೇಕು, ಪಕ್ಕದ ಜಡ್ಜ್‌ನ ಕೇಳಬಹುದು. ಹಿರಿಯರನ್ನು ಕೂಗಿ ಕೇಳಿದೆ. "ಹಿಮ ನೋಡಿ, ಹಿಮ ಸುಳ್ಳು ಹೇಳಲ್ಲ" ಅಂದರು. ಮುಂದಿನವನಿಗೆ ಇನ್ನೂ ಸಮಯವಿತ್ತು. ಕಂಬದ ಹತ್ತಿರ ಹೋಗಿ ಮಂಡಿಯೂರಿದೆ. ಒಳಬದಿಯಲ್ಲಿ ಎಲ್ಲರ ಗೆರೆಗಳೂ ಒಂದರ ಮೇಲೊಂದು ಬಿದ್ದು ಹೊಳೆಯುತ್ತಿದ್ದವು, ಅಲ್ಲಿ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಕಂಬದ ಹೊರಬದಿ. ತುದಿ ಆಚೆಗೆ ಹೋಗಿದ್ದರೆ ಅಲ್ಲಿ ಒಂದಾದರೂ ಗೀರು ಇರಲೇಬೇಕು, ಅಲ್ವಾ? ಇರಲಿಲ್ಲ. ಸ್ಲಿಪ್ ತಂಡದವರು ಸವರಿ ಬಿಟ್ಟಿದ್ದ ಹಿಮ ಹಾಗೇ ಇತ್ತು. ಸರಿಯಾಗಿ ದಾಟಿದ್ದಾನೆ. ಬಲೆಯ ಹತ್ತಿರ ಬಂದು ನಿಂತಾಗ ಕೈ ನಡುಗುತ್ತಿತ್ತು. ಚಳಿಗಲ್ಲ. ಆ ಹುಡುಗ ಎಷ್ಟನೇ ಸ್ಥಾನಕ್ಕೆ ಬಂದರೂ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗುರಿ ಮುಟ್ಟಿದವರ ಪಟ್ಟಿಯಲ್ಲಿ ಅವನ ಹೆಸರು ಇರಬೇಕು. ಸುಮ್ನೆ ಒಂದು ಊಹೆಯ ಮೇಲೆ ಅದನ್ನು ನಾನು ಅಳಿಸುವಂತಿಲ್ಲ.

ಫಲಿತಾಂಶ ಗೊತ್ತಾಗಿದ್ದು ರೇಡಿಯೊ ಮಾತುಗಳಿಂದ. ಕೆನಡಾದ ಜೇಮ್ಸ್ ಕ್ರಾಫರ್ಡ್ ಚಿನ್ನ. ನಾರ್ವೆಯ ಅಲೆಕ್ಸಾಂಡರ್ ಓಮೋಟ್ ಕಿಲ್ಡೆ ಬೆಳ್ಳಿ. ಇಬ್ಬರ ನಡುವೆ ಇದ್ದಿದ್ದು 0.01 ಸೆಕೆಂಡ್. ಪಾಂತುರೊಗೆ ಕಂಚು. ಒಂದು ನಿಮಿಷ ಏಳು ಸೆಕೆಂಡ್ ಚಿಲ್ಲರೆಯ ಓಟ ಅದು. ಗಂಟೆಗೆ ನೂರು ಕಿಲೋಮೀಟರ್ ಅಂತ ಇಟ್ಟುಕೊಂಡರೆ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಸಾಗುವುದು ಸುಮಾರು 28 ಸೆಂಟಿಮೀಟರ್. ನನ್ನ ಬೂಟು ಅದಕ್ಕಿಂತ ಉದ್ದ ಇದೆ. ಅಷ್ಟು ಕಡಿಮೆ ಅಂತರದಲ್ಲಿ ಒಬ್ಬರು ವಿಶ್ವ ಚಾಂಪಿಯನ್.

ಅವರಿಬ್ಬರೂ ನನ್ನ ಮೂರು ಗೇಟುಗಳನ್ನು ಹೇಗೆ ತಿರುಗಿದರು ಅಂತ ಆ ರಾತ್ರಿ ಸ್ನೇಹಿತರು ಫೋನ್ ಮಾಡಿ ಕೇಳಿದರು. ಪಾದಗಳು ನೆನಪಿವೆ ಅಂದೆ. ರೇಸನ್ನು ನಾನು ಪೂರ್ತಿ ನೋಡಿದ್ದು ಆಮೇಲೆ, ವಿಡಿಯೊದಲ್ಲಿ.

ಮುಗಿದ ಕೂಡಲೇ ಕೆಳಗಿಳಿಯುವಂತಿಲ್ಲ. ಯಾರಾದರೂ ತಕರಾರು ಎತ್ತಿದರೆ ಸಾಕ್ಷಿ ಹೇಳಬೇಕು. ಕಾದೆ. ಮುಖ್ಯಸ್ಥರು ಬಂದು ಕಾರ್ಡ್ ತೆಗೆದುಕೊಂಡು ನೋಡಿದರು. ನನ್ನ ಮೂರು ಗೇಟಿನಲ್ಲಿ ಒಂದೂ ತಪ್ಪಿಲ್ಲ. ಸಹಿ ಹಾಕಿದೆ. 12ನೇ ತಾರೀಖಿನ ಡೌನ್‌ಹಿಲ್‌ಗೆ ಅದೇ ಇಳಿಜಾರು ಬೇಕಿತ್ತು. ಅದಕ್ಕೇ ಕಂಬಗಳನ್ನು ಆಗಲೇ ಕೀಳಲು ಶುರು ಮಾಡಿದ್ದರು. ನಾನೂ ಕೈ ಹಾಕಿದೆ. ದಿಬ್ಬದ ಆಚೆಗಿನ ಗೇಟನ್ನು ಹಿರಿಯರೂ ನಾನೂ ಸೇರಿ ಎಳೆದು, ಉಳಿದ ತೂತುಗಳಿಗೆ ಹಿಮ ತುಂಬಿ, ಬೂಟಿನಿಂದ ತುಳಿದು ಗಟ್ಟಿ ಮಾಡಿದೆವು.